ಅಮ್ಮನ ಪಾದ ಮುಟ್ಟಿ ನೋಡಿದ ನರ್ಸ್

ಹೋದ ವರ್ಷ ಏಪ್ರಿಲ್‌ನಲ್ಲಿ ಅಮ್ಮ ಹಾಸನದಿಂದ ಅಮೆರಿಕದ ಡೆನ್ವರಿಗೆ, ನಮ್ಮ ಮನೆಗೆ ಬಂದರು. ಸಕ್ಕರೆ ಕಾಯಿಲೆ ಶುರುವಾಗಿ ಹದಿನಾಲ್ಕು ವರ್ಷ. ಆರು ತಿಂಗಳಿಗೆ ಆಗುವಷ್ಟು ಮಾತ್ರೆ ಕಟ್ಟಿಕೊಂಡು ಬಂದಿದ್ದರು. ಮೂರನೇ ವಾರ, ಒಂದು ಶನಿವಾರ ರಾತ್ರಿ, ಅಡುಗೆಮನೆಯಲ್ಲಿ ಮೈಯೆಲ್ಲ ಬೆವರಿ, ಕೈ ನಡುಗುತ್ತ ಕೂತಿದ್ದರು. "ಏನಿಲ್ಲ ಕಣೋ, ಸೆಕೆ" ಅಂದರು. ಹೊರಗೆ ಇನ್ನೂ ಹಿಮ ಕರಗಿರಲಿಲ್ಲ.

ಸೋಮವಾರ ಮನೆ ಹತ್ತಿರದ ಕ್ಲಿನಿಕ್ಕಿಗೆ ಫೋನ್ ಮಾಡಿದೆ. ಡಾಕ್ಟರ್ ಬೇಕಾದರೆ ಐದು ವಾರ ಕಾಯಬೇಕು, ನರ್ಸ್ ಪ್ರಾಕ್ಟೀಷನರ್ ಆದರೆ ನಾಳೆಯೇ ಸಿಗುತ್ತಾರೆ ಅಂದರು. ಬೇಸರವಾಯಿತು. ಅಮ್ಮನನ್ನು ಇಷ್ಟು ದೂರ ಕರೆಸಿಕೊಂಡು ನರ್ಸ್ ಹತ್ತಿರ ತೋರಿಸುವುದಾ ಅನ್ನಿಸಿತು. ನಮ್ಮ ಕಡೆ ಸಿಸ್ಟರ್ ಅಂದರೆ ಇಂಜೆಕ್ಷನ್ ಕೊಡುವವರು, ಡ್ರಿಪ್ ಹಾಕುವವರು, ಡಾಕ್ಟರ್ ಹೇಳಿದ್ದನ್ನು ಮಾಡುವವರು. ನನ್ನ ತಲೆಯಲ್ಲೂ ಅದೇ ಇತ್ತು. ಅದು ತಪ್ಪು ಅಂತ ಮಾರನೇ ದಿನ ಗೊತ್ತಾಯಿತು.

ಒಳಗೆ ಬಂದವರಿಗೆ ಐವತ್ತರ ಆಸುಪಾಸು ವಯಸ್ಸು. ಅಮ್ಮ "ನಮಸ್ಕಾರ ಡಾಕ್ಟ್ರಮ್ಮ" ಅಂದರು. "ನಾನು ಡಾಕ್ಟರ್ ಅಲ್ಲ, ನರ್ಸ್ ಪ್ರಾಕ್ಟೀಷನರ್" ಅಂತ ಮೊದಲೇ ಹೇಳಿದರು. ನಾನು ಮಧ್ಯೆ ಅನುವಾದ ಮಾಡುವುದು ಬೇಡ ಅಂದರು. ಫೋನಿನಲ್ಲಿ ಕನ್ನಡದ ದುಭಾಷಿಯನ್ನು ಕರೆದರು. ಅದಕ್ಕೆ ನಮ್ಮಿಂದ ದುಡ್ಡಿಲ್ಲ. ಸ್ಪೀಕರಿನಿಂದ "ನಮಸ್ಕಾರ ಅಮ್ಮ, ಹೇಗಿದ್ದೀರಿ?" ಅಂತ ದನಿ ಬಂದದ್ದೇ ತಡ, ಅಮ್ಮನ ಮುಖ ಅರಳಿತು. ಆಮೇಲೆ ನನ್ನನ್ನು ಸ್ವಲ್ಪ ಹೊತ್ತು ಹೊರಗೆ ಕೂರಲು ಹೇಳಿದರು.

ನಾನು ಎದುರಿಗಿದ್ದಿದ್ದರೆ ಅಮ್ಮ ಬಾಯಿ ಬಿಡುತ್ತಿರಲಿಲ್ಲ. ಶನಿವಾರ ಒಪ್ಪತ್ತು, ಏಕಾದಶಿಗೆ ಪೂರ್ತಿ ಉಪವಾಸ. ಇಲ್ಲಿಗೆ ಬಂದ ಮೇಲೂ ಬಿಟ್ಟಿರಲಿಲ್ಲ. ಮಾತ್ರೆ ಮಾತ್ರ ತಪ್ಪಿಸುತ್ತಿರಲಿಲ್ಲ. ತಪ್ಪಿಸಬಾರದು ಅಂತ ಡಾಕ್ಟರ್ ಹೇಳಿದ್ದಾರಲ್ವಾ! ಊರಲ್ಲೂ ಹೀಗೆ ಎಷ್ಟೋ ಸಲ ತಲೆ ಸುತ್ತಿತ್ತಂತೆ. "ಹೇಳಿದ್ರೆ ಉಪವಾಸ ಬಿಡು ಅಂತೀರಿ" ಅಂತ ನುಂಗಿಕೊಂಡಿದ್ದರು.

ಅಮ್ಮನ ಮಾತ್ರೆಗಳಲ್ಲಿ ಒಂದು ಗ್ಲಿಮೆಪಿರೈಡ್. ಹೊಟ್ಟೆಗೆ ಊಟ ಬಿದ್ದಿದೆಯೋ ಇಲ್ಲವೋ ಅಂತ ಅದು ಕಾಯುವುದಿಲ್ಲ, ಇನ್ಸುಲಿನ್ ಹೊರಡಿಸುತ್ತದೆ. ಉಪವಾಸದ ದಿನ ತೆಗೆದುಕೊಂಡರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಅವರು ಉಪವಾಸ ಬಿಡಿ ಅನ್ನಲಿಲ್ಲ. ಯಾವ ದಿನ ಏನು ತಿನ್ನುತ್ತೀರಿ, ಎಷ್ಟು ಹೊತ್ತಿಗೆ ಅಂತ ಕೇಳಿ ಬರೆದುಕೊಂಡರು. ಆ ಮಾತ್ರೆಯ ಡೋಸ್ ಇಳಿಸಿದರು. ಉಪವಾಸದ ದಿನ ಅದೊಂದು ಬೇಡ ಅಂದರು. ಹಾಸನದ ಡಾಕ್ಟರಿಗೆ ಒಂದು ಕಾಗದವನ್ನೂ ಬರೆದುಕೊಟ್ಟರು. (ಇದು ಅಮ್ಮನಿಗೆ ಹೇಳಿದ್ದು. ಇದನ್ನು ಓದಿ ನೀವು ಮಾತ್ರೆ ನಿಲ್ಲಿಸಬೇಡಿ, ನಿಮ್ಮ ಡಾಕ್ಟರನ್ನೇ ಕೇಳಿ.)

ಆಮೇಲೆ ಗಿಡ್ಡ ಸ್ಟೂಲ್ ಎಳೆದುಕೊಂಡು ಅಮ್ಮನ ಕಾಲ ಬಳಿ ಕೂತರು. ತಾವೇ ಕಾಲುಚೀಲ ತೆಗೆದರು. ಬೆರಳ ಸಂದು, ಹಿಮ್ಮಡಿಯ ಬಿರುಕು ಎಲ್ಲ ನೋಡಿದರು. ತೆಳ್ಳಗಿನ ನೈಲಾನ್ ಎಳೆಯಿಂದ ಪಾದದ ಅಲ್ಲಲ್ಲಿ ಒತ್ತುತ್ತ, ಕಣ್ಣು ಮುಚ್ಚಿಕೊಂಡು ಗೊತ್ತಾದಾಗ ಹೇಳಿ ಅಂದರು. ಎಡಗಾಲಿನಲ್ಲಿ ಎರಡು ಕಡೆ ಅಮ್ಮನಿಗೆ ಏನೂ ಗೊತ್ತಾಗಲಿಲ್ಲ. ನರಗಳು ಮಂಕಾಗಿವೆ, ಗಾಯವಾದರೂ ತಿಳಿಯುವುದಿಲ್ಲ, ಅಂಗಳಕ್ಕೂ ಚಪ್ಪಲಿ ಇಲ್ಲದೆ ಇಳಿಯಬೇಡಿ ಅಂದರು. "ಇಷ್ಟು ವರ್ಷದಲ್ಲಿ ಯಾರೂ ನನ್ನ ಕಾಲು ನೋಡಿರಲಿಲ್ಲ" ಅಂತ ಅಮ್ಮ ಕಾರಿನಲ್ಲಿ ಮೂರು ಸಲ ಹೇಳಿದರು.

ಕಣ್ಣಿನ ಪರೀಕ್ಷೆಗೆ ಮಾತ್ರ ತಜ್ಞರ ಹತ್ತಿರ ಕಳಿಸಿದರು. ತಮ್ಮ ಕೆಲಸ ಎಲ್ಲಿಗೆ ನಿಲ್ಲುತ್ತದೆ ಅಂತ ಅವರಿಗೆ ಸ್ಪಷ್ಟವಾಗಿ ಗೊತ್ತಿತ್ತು.

ಮನೆಗೆ ಬಂದು ಓದಿದೆ. ನರ್ಸ್ ಪ್ರಾಕ್ಟೀಷನರ್ ಎಂಬ ಈ ಕೆಲಸ ಹುಟ್ಟಿದ್ದೇ ನಾವಿರುವ ಊರಿನಲ್ಲಿ! 1965ರಲ್ಲಿ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಲೊರೆಟ್ಟಾ ಫೋರ್ಡ್ ಎಂಬ ನರ್ಸ್ ಮತ್ತು ಹೆನ್ರಿ ಸಿಲ್ವರ್ ಎಂಬ ಮಕ್ಕಳ ಡಾಕ್ಟರ್ ಸೇರಿ ಮೊದಲ ತರಬೇತಿ ಶುರು ಮಾಡಿದರು. ಫೋರ್ಡ್ ಕೊಲೊರಾಡೊದ ಹಳ್ಳಿಗಾಡಿನಲ್ಲಿ ಮನೆ ಮನೆ ನೋಡಿದ್ದ ನರ್ಸ್. ಹಳ್ಳಿಯ ಮಕ್ಕಳಿಗೆ ಡಾಕ್ಟರ್ ಸಿಗುವುದಿಲ್ಲ, ನರ್ಸ್ ಇದ್ದಾಳೆ, ಅವಳಿಗೇ ಇನ್ನಷ್ಟು ಕಲಿಸಿದರೆ ಆಯಿತಲ್ವಾ ಅನ್ನುವುದು ಅವರ ಯೋಚನೆ. ಫೋರ್ಡ್ 2025ರ ಜನವರಿಯಲ್ಲಿ, 104ನೇ ವಯಸ್ಸಿನಲ್ಲಿ ತೀರಿಕೊಂಡರು. ಅಷ್ಟರಲ್ಲಿ ಈ ದೇಶದಲ್ಲಿ ನರ್ಸ್ ಪ್ರಾಕ್ಟೀಷನರುಗಳು ಮೂರೂವರೆ ಲಕ್ಷ ದಾಟಿದ್ದರು.

ನರ್ಸಿಂಗ್ ಪದವಿ, ಲೈಸೆನ್ಸ್, ಅದರ ಮೇಲೆ ಸ್ನಾತಕೋತ್ತರ ಪದವಿ ಅಥವಾ ಡಾಕ್ಟರೇಟ್, ಮತ್ತೆ ರಾಷ್ಟ್ರ ಮಟ್ಟದ ಪರೀಕ್ಷೆ. ಇಷ್ಟಾದ ಮೇಲೆ ರೋಗ ಪತ್ತೆ ಮಾಡುತ್ತಾರೆ, ಔಷಧಿ ಬರೆಯುತ್ತಾರೆ. ಅರ್ಧಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ಸ್ವತಂತ್ರವಾಗಿ ಮಾಡಬಹುದು, ಕೊಲೊರಾಡೊ ಅದರಲ್ಲೊಂದು. ಟೆಕ್ಸಾಸ್‌ನಲ್ಲಾದರೆ ಔಷಧಿ ಬರೆಯಲು ಒಬ್ಬ ಡಾಕ್ಟರ್ ಜೊತೆ ಲಿಖಿತ ಒಪ್ಪಂದ ಬೇಕು. ಹೀಗೆ ಸ್ವತಂತ್ರವಾಗಿ ಬಿಡುವುದನ್ನು ವಿರೋಧಿಸುವ ಡಾಕ್ಟರುಗಳೂ ಇದ್ದಾರೆ. ತಮ್ಮ ತರಬೇತಿ ಎಷ್ಟೋ ಪಟ್ಟು ದೊಡ್ಡದು ಅನ್ನುತ್ತಾರೆ, ಅದು ನಿಜವೂ ಹೌದು. ಆದರೆ ನ್ಯೂಯಾರ್ಕ್‌ನಲ್ಲಿ 1,316 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದನ್ನು ನರ್ಸ್ ಪ್ರಾಕ್ಟೀಷನರುಗಳಿಗೆ, ಇನ್ನೊಂದನ್ನು ಡಾಕ್ಟರುಗಳಿಗೆ ಒಪ್ಪಿಸಿ ನೋಡಿದ ಅಧ್ಯಯನವೊಂದು 2000ದಲ್ಲಿ ಪ್ರಕಟವಾಯಿತು. ಆರು ತಿಂಗಳ ನಂತರ ಎರಡೂ ಕಡೆಯವರ ಆರೋಗ್ಯ ಹೆಚ್ಚು ಕಮ್ಮಿ ಒಂದೇ ಥರ ಇತ್ತು. ಸಕ್ಕರೆ, ಬಿಪಿ, ಕೆಮ್ಮು, ಲಸಿಕೆಯಂಥ ದಿನನಿತ್ಯದ ವಿಷಯಕ್ಕೆ ನಾನು ಇನ್ನು ಹಿಂದೆಮುಂದೆ ನೋಡುವುದಿಲ್ಲ. ಈಗ ನಮ್ಮ ಮನೆಯವರೆಲ್ಲ ಅವರ ಹತ್ತಿರವೇ ಹೋಗುತ್ತೇವೆ.

ನಮ್ಮ ಕನ್ನಡ ಗೆಳೆಯರಲ್ಲಿ ಮಂಗಳೂರಿನಲ್ಲಿ ನರ್ಸಿಂಗ್ ಓದಿ ಬಂದವರೊಬ್ಬರಿದ್ದಾರೆ. ಐಸಿಯುವಿನಲ್ಲಿ ರಾತ್ರಿ ಪಾಳಿ ಮಾಡಿ, ಹಗಲು ಓದಿ ಈ ಪರೀಕ್ಷೆಗೆ ತಯಾರಾಗುತ್ತಿದ್ದಾರೆ. ಊರಲ್ಲಿದ್ದಾಗ ಡಾಕ್ಟರಿಗಿಂತ ಮೊದಲು ತನಗೆ ರೋಗ ಗೊತ್ತಾದರೂ ಬಾಯಿ ಬಿಡಲು ಹೆದರುತ್ತಿದ್ದೆ ಅಂದರು. ಅದನ್ನು ಕೇಳಿ ಸಂಕಟವಾಯಿತು. ನಮ್ಮ ದೇಶದ 2017ರ ಆರೋಗ್ಯ ನೀತಿಯಲ್ಲೂ ನರ್ಸ್ ಪ್ರಾಕ್ಟೀಷನರ್ ಎಂಬ ಮಾತಿದೆ. ಹಳ್ಳಿಯ ಉಪಕೇಂದ್ರಗಳಿಗೆ ನರ್ಸಿಂಗ್ ಓದಿದವರು ಸಮುದಾಯ ಆರೋಗ್ಯ ಅಧಿಕಾರಿಗಳಾಗಿ ಬಂದಿದ್ದಾರೆ, ಬಿಪಿ, ಸಕ್ಕರೆ ನೋಡುತ್ತಾರೆ. ಅವರಿಗೆ ಇನ್ನಷ್ಟು ಕಲಿಸಬೇಕು, ಇನ್ನಷ್ಟು ಅಧಿಕಾರ ಕೊಡಬೇಕು ಅಂತ ನನಗೆ ತುಂಬ ಆಸೆ.

ಅಮ್ಮ ಅಕ್ಟೋಬರಿನಲ್ಲಿ ವಾಪಸ್ ಹೋದರು. ಹಾಸನದ ಡಾಕ್ಟರ್ ಕಾಗದ ಓದಿ, ಹೊಸ ಡೋಸನ್ನೇ ಮುಂದುವರಿಸಿದರು. ಮೊನ್ನೆ ಅಮ್ಮ ಫೋನಿನಲ್ಲಿ ಹೇಳಿದರು: "ನಮ್ಮ ಉಪಕೇಂದ್ರದ ಸಿಸ್ಟರಿಗೆ ನಾನೇ ತೋರಿಸಿಕೊಟ್ಟೆ ಕಣೋ, ಆ ದಾರದಲ್ಲಿ ಹೆಂಗೆ ಒತ್ತಿದ್ರು ಅಂತ. ಹೋದಾಗೆಲ್ಲ ಈಗ ಕಾಲು ನೋಡ್ತಾಳೆ."