ಸೇಬಿಗೆ ಹಿಡಿಯೋದು ತುಕ್ಕಲ್ರೀ
ಹೆಚ್ಚಿಟ್ಟ ಸೇಬು ಕಂದು ಆಗ್ತೈತಲ್ಲ, ಅದರಾಗ ಕಬ್ಬಿಣ ಭಾಳ ಐತಿ, ಅದಕ್ಕ ತುಕ್ಕು ಹಿಡಿತೈತಿ ಅಂತ ನಮ್ಮ ಕೊಪ್ಪಳ ಕಡೆ ಓದಿದವ್ರೂ ಹೇಳ್ತಾರ, ರಕ್ತ ಕಮ್ಮಿ ಐತಿ ಅಂದವ್ರಿಗೆ ಮೊದಲು ಸೇಬೇ ತಂದ್ಕೊಡ್ತಾರ. 100 ಗ್ರಾಂ ಸೇಬಿನಾಗ ಕಬ್ಬಿಣ ಇರೋದು ಹತ್ತತ್ರ 0.1 ಮಿಲಿಗ್ರಾಂ, ಅಷ್ಟರಾಗ ಏನ್ ತುಕ್ಕು ಹಿಡಿಯೋದ್ರೀ? ಕಬ್ಬಿಣ ಬೇಕಂದ್ರ ಸಜ್ಜಿ ರೊಟ್ಟಿ ತಿನ್ರಿ.

ಹಣ್ಣಿನ ಜೀವಕೋಶದಾಗ ಫಿನಾಲ್ ಅನ್ನೋ ರಾಸಾಯನಿಕ ಒಂದು ಖೋಲ್ಯಾಗ, ಪಾಲಿಫಿನಾಲ್ ಆಕ್ಸಿಡೇಸ್ ಅನ್ನೋ ಕಿಣ್ವ ಇನ್ನೊಂದು ಖೋಲ್ಯಾಗ ಇರ್ತಾವ, ಚಾಕು ಬಿದ್ದ ಕೂಡ್ಲೆ ನಡುವಿನ ಗ್ವಾಡಿ ಒಡದು ಎರಡೂ ಕೂಡ್ತಾವ, ಮ್ಯಾಲ ಗಾಳಿಯೊಳಗಿನ ಆಕ್ಸಿಜನ್ನೂ ಸಿಗ್ತೈತಿ, ಫಿನಾಲ್ ಹೋಗಿ ಕ್ವಿನೋನ್ ಆಗ್ತೈತಿ, ಆ ಕ್ವಿನೋನ್ ಒಂದಕ್ಕೊಂದು ಕೂಡ್ಕೊಂತ ಹೋಗಿ ಕಂದು ಬಣ್ಣ. ಲೋಹ ಇರಾಕೇಬೇಕು ಅಂತ ಹಟ ಹಿಡಿದ್ರ, ಈ ಕಿಣ್ವದೊಳಗ ಇರೋದು ತಾಮ್ರ.

ಹಂಗಂತ ಕಬ್ಬಿಣಕ್ಕ ಪೂರಾ ಕ್ಲೀನ್ ಚಿಟ್ ಕೊಡಾಕ ಬರಂಗಿಲ್ಲ. ಅವ್ವನ ಹಳೇ ಈಳಿಗಿ ಮ್ಯಾಲ ಎಣ್ಣಿಗಾಯಿಗೆ ಬದನಿಕಾಯಿ ಸೀಳಿ ನೋಡ್ರಿ, ಅಲಗು ಹಾದ ಕಡೆ ನೀಲಿ-ಕಪ್ಪು ಗೆರಿ ಮೂಡ್ತೈತಿ, ಬೆರಳಿಗೂ ಹತ್ತೈತಿ, ತೊಳದ್ರೂ ಜಲ್ದಿ ಹೋಗಂಗಿಲ್ಲ. ಅದು ಕಿಣ್ವದ ಕೆಲಸ ಅಲ್ಲ, ಅಲಗಿನ ಕಬ್ಬಿಣ ಬದನಿಕಾಯಿ ಫಿನಾಲ್ ಜೋಡಿ ಕೂಡಿದ್ದು, ಹಿಂದಿನವ್ರು ಅಳಲೆಕಾಯಿಗೆ ಕಬ್ಬಿಣ ಸೇರಿಸಿ ಮಸಿ ಮಾಡ್ತಿದ್ರಲ್ಲ, ಅದೇ ಲೆಕ್ಕ. ಸ್ಟೀಲ್ ಚಾಕು ತಗೊಂಡ್ರ ಆ ಕರಿ ಗೆರಿ ತಪ್ಪತೈತಿ, ಕಂದು ಆಗೋದು ಮಾತ್ರ ತಪ್ಪಂಗಿಲ್ಲ.

ಅದಕ್ಕ ಹೆಚ್ಚಿದ ಬದನಿಕಾಯಿ ಉಪ್ಪು ನೀರಾಗ ಹಾಕೋದು. ನೀರಾಗ ಮುಳುಗಿದ್ರ ಗಾಳಿ ಕಮ್ಮಿ ತಾಗ್ತೈತಿ ಅನ್ನೋದು ಖರೇ, ಅದ್ರ ಜೋಡಿ ಉಪ್ಪಿನೊಳಗಿನ ಕ್ಲೋರೈಡೂ ಕಿಣ್ವಾನ ತಡಿತೈತಿ. ಸೇಬಿಗಾದ್ರ ಲಿಂಬಿ ರಸ ಛಲೋ, ಪಿಎಚ್ (ಹುಳಿ ಅಳಿಯೋ ಅಂಕಿ, ಇಳಿದಷ್ಟೂ ಹುಳಿ ಜಾಸ್ತಿ) 3ರ ಕೆಳಗ ಇಳಿತಂದ್ರ ಈ ಕಿಣ್ವ ಹತ್ತತ್ರ ಸುಮ್ನ ಕುಂತಬಿಡ್ತೈತಿ, ಮ್ಯಾಲ ವಿಟಮಿನ್ ಸಿ ಏನ್ ಮಾಡ್ತೈತಂದ್ರ ಆಗಿದ್ದ ಕ್ವಿನೋನನ್ನ ತಿರುಗಿ ಫಿನಾಲ್ ಮಾಡ್ತೈತಿ. ವಿಟಮಿನ್ ಖರ್ಚಾತಂದ್ರ ಬಣ್ಣ ಮತ್ತ ಶುರು, ಅದಕ್ಕ ಬೆಳಿಗ್ಗೆ ಡಬ್ಬಿಗೆ ಹಾಕಿದ್ದು ಮಧ್ಯಾಹ್ನದ ತನಕ ಬೆಳ್ಳಗೇ ಇರ್ತೈತಿ ಅನ್ನಾಕ ಬರಂಗಿಲ್ಲ.

ನಮ್ಮ ಬ್ಯಾಸಗಿ ಬಿಸಲಾಗ ಇದೆಲ್ಲ ಇನ್ನೂ ಜೋರು, ಹೆಚ್ಚಿದ ಸೇಬು ಫ್ರಿಜ್ಜಿನಾಗ ಇಟ್ರ ಸ್ವಲ್ಪ ತಡಾ ಆಗ್ತೈತಿ. ಬಾಳಿಹಣ್ಣಿಂದು ಉಲ್ಟಾ, ಥಂಡಿಗೆ ಸಿಪ್ಪಿ ಕೋಶ ಹಾಳಾಗಿ ಸಿಪ್ಪೀನೇ ಕರ್ರಗಾಗ್ತೈತಿ. ಒಳಗಿನ ಹಣ್ಣು ಛಲೋನೇ ಇರ್ತೈತಿ, ಸಿಪ್ಪಿ ನೋಡಿ ಚೆಲ್ಲೋ ಮಂದಿ ಕಂಡ್ರ ನನಗ ಸಿಟ್ಟು ಬರ್ತೈತಿ, ಒಮ್ಮೆ ಸುಲದರ ನೋಡ್ರಪ್ಪ.