ವಂಶಾವಳಿ ಹುಡುಕಿ ಊರಿಗೆ ಹೊರಡುವ ಮುನ್ನ

ಬಾದಾಮಿ ಹತ್ತಿರದ ನಮ್ಮ ಹಿರಿಯರ ಊರಿಗೆ ಹೋಗಿ, ಮುತ್ತಜ್ಜನ ಹಿಂದಿನವರ ಹೆಸರು ಬೇಕಿತ್ತು ಅಂದೆ. "ಯಾಕಪಾ, ಹೊಲದಾಗ ಪಾಲ ಕೇಳಾಕ ಬಂದಿ ಏನ?" ಅಂದರು ಕಾಕಾ. ನಗುತ್ತಲೇ ಕೇಳಿದರೂ ಅದು ಬರೀ ತಮಾಷೆ ಆಗಿರಲಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿ ಬಂದ ಮೇಲೆ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕಿದೆ. ಬೆಂಗಳೂರಿನಿಂದ ಬಂದವನು ಅತ್ತೆಯಂದಿರ ಹೆಸರನ್ನೆಲ್ಲ ಬರೆದುಕೊಳ್ಳಲು ಕೂತರೆ ಯಾರಿಗಾದರೂ ದಿಗಿಲಾಗುತ್ತೆ ಅಲ್ವಾ?

ಮೊದಲು ಈ ದಿಗಿಲು ಕಳೆಯಬೇಕು, ಉಳಿದದ್ದೆಲ್ಲ ಆಮೇಲೆ. ಹೋದ ತಕ್ಷಣ ಹೊಲದ ಸರ್ವೆ ನಂಬರ್ ಕೇಳಬೇಡಿ. ನಾಡಕಚೇರಿಯಲ್ಲಿ ವಂಶವೃಕ್ಷ ಪ್ರಮಾಣಪತ್ರಕ್ಕೆ ಅರ್ಜಿ ಹಾಕಲೂ ಹೋಗಬೇಡಿ. ಅದು ವಾರಸುದಾರರಿಗೆ ಬೇಕಾಗುವ ಕಾಗದ. ಹಳೆಯ ತಲೆಮಾರು ಹುಡುಕುವವರಿಗೆ ಅದರಿಂದ ಸಿಗುವುದು ಕಡಿಮೆ, ಊರಲ್ಲಿ ಏಳುವ ಗುಸುಗುಸು ಜಾಸ್ತಿ. ಬರೆದದ್ದನ್ನು ಅಲ್ಲೇ ಓದಿ ಹೇಳಿ, ಮನೆಗೊಂದು ಪ್ರತಿ ಕೊಡುತ್ತೇನೆ ಅನ್ನಿ. ಎರಡನೇ ಸಲ ಚಹಾ ಬರುವ ಹೊತ್ತಿಗೆ ಮಾತು ಸಲೀಸಾಗುತ್ತದೆ.

ಹೊರಡುವ ಮುಂಚೆ ಮನೆಯ ಹಿರಿಯರನ್ನು ಕೇಳಿ ಅಡ್ಡಹೆಸರು, ಬೆಡಗು (ಕುಲದೊಳಗಿನ ಕವಲು), ಮನೆದೇವರು ಬರೆದಿಟ್ಟುಕೊಳ್ಳಿ. ಮನೆದೇವರು ದೊಡ್ಡ ಸುಳಿವು. ಊರು ಬಿಟ್ಟರೂ ಮನೆದೇವರನ್ನು ನಮ್ಮ ಜನ ಸುಲಭಕ್ಕೆ ಬಿಡುವುದಿಲ್ಲ. ನಮ್ಮದು ಗೊಡಚಿ ವೀರಭದ್ರ. ಗೊಡಚಿ ಇರುವುದು ರಾಮದುರ್ಗ ತಾಲ್ಲೂಕಿನಲ್ಲಿ. ಬಾದಾಮಿ ಸೀಮೆಗೆ ಬರುವ ಮುಂಚೆ ನಮ್ಮವರು ಆ ಕಡೆ ಇದ್ದರೇನೋ ಎಂಬ ಅನುಮಾನ ಮನೆಯಲ್ಲೇ ಹುಟ್ಟಿತ್ತು.

ಬೆಂಗಳೂರಿನಿಂದ ಗೋಲ್ ಗುಂಬಜ್ ಎಕ್ಸ್‌ಪ್ರೆಸ್ ಹತ್ತಿದರೆ ಬಾದಾಮಿಯಲ್ಲೇ ಇಳಿಯಬಹುದು. ಲಾಡ್ಜ್‌ಗೆ ಕೊರತೆಯಿಲ್ಲ. ಆದರೆ ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆ ಶುರುವಾದರೆ ರೂಮೂ ಸಿಗುವುದಿಲ್ಲ, ನೆಂಟರಿಗೆ ಪುರುಸೊತ್ತೂ ಇರುವುದಿಲ್ಲ. ಬಿಳಿಜೋಳದ ರಾಶಿ ಮುಗಿದ ಮೇಲೆ, ಬಿಸಿಲು ಏರುವ ಮುಂಚೆ ಹೋಗಿ. ಅದಕ್ಕೆ ಇನ್ನೊಂದು ಕಾರಣವೂ ಇದೆ: ಹೆಳವರು ಬರುವುದು ಸುಗ್ಗಿ ಮುಗಿದ ಮೇಲೆಯೇ.

ಹೆಳವರು ಮನೆತನಗಳ ವಂಶಾವಳಿ ಬರೆದಿಟ್ಟು, ಊರೂರಿಗೆ ಹೋಗಿ ಓದಿ ಹೇಳುವವರು. ಒಬ್ಬೊಬ್ಬರಿಗೂ ಇಂತಿಂಥ ಮನೆತನ ಅಂತ ಇರುತ್ತದೆ. ನಿಮ್ಮ ಮನೆಯ ಹೆಳವರು ಯಾರು, ಈ ಕಡೆ ಯಾವಾಗ ಬರುತ್ತಾರೆ ಎಂದು ಊರಿಗೆ ಮೊದಲೇ ಫೋನ್ ಮಾಡಿ ಕೇಳಿ. ಹಿಂದೆ ಎತ್ತಿನ ಮೇಲೆ ಬರುತ್ತಿದ್ದರು. ನಮ್ಮ ಹೆಳವರು ಬಂದದ್ದು ಬೈಕಿನಲ್ಲಿ. ಪಡಸಾಲೆಯಲ್ಲಿ ಕೂತು, ಬಟ್ಟೆಯ ಗಂಟು ಬಿಚ್ಚಿ ಉದ್ದನೆಯ ಪುಸ್ತಕ ತೆಗೆದರು. ಅಂಚೆಲ್ಲ ಕಂದಿ, ಮುಟ್ಟಿದರೆ ಉದುರುವಂತಿತ್ತು. ಇಂಥವನ ಮಗ ಇಂಥವ, ಅವನಿಗೆ ಮೂವರು ಎಂದು ಉಸಿರು ಕಟ್ಟಿ ಓದುತ್ತಾ ಹೋದರು. ನಡುವೆ ರಾಮದುರ್ಗ ಸೀಮೆಯ ಒಂದು ಹಳ್ಳಿಯ ಹೆಸರೂ ಬಂತು. ಓದುವಾಗ ತಡೆದು ಪ್ರಶ್ನೆ ಕೇಳಿದರೆ ಲಯ ತಪ್ಪುತ್ತದೆ. ಒಪ್ಪಿಗೆ ಕೇಳಿ ಮೊಬೈಲಿನಲ್ಲಿ ಧ್ವನಿ ಹಿಡಿದುಕೊಳ್ಳಿ. ಪುಟಗಳ ಫೋಟೊಗೆ ಕೆಲವರು ಒಪ್ಪುವುದಿಲ್ಲ. ಅದು ಅವರ ಹೊಟ್ಟೆಪಾಡು, ಒತ್ತಾಯ ಮಾಡಬೇಡಿ. ಕಾಳು, ಬಟ್ಟೆ, ದುಡ್ಡು ಕೊಡುವ ರೂಢಿ ಇದೆ. ಚೌಕಾಸಿ ಮಾಡದೆ ಕೊಡಿ. ಮನೆಯಲ್ಲಿ ಹೊಸದಾಗಿ ಹುಟ್ಟಿದ ಮಕ್ಕಳ ಹೆಸರನ್ನೂ ಬರೆಸಿ.

ಒಂದು ಕೊರತೆ ಇದೆ. ನಮ್ಮ ಪುಸ್ತಕದಲ್ಲಿ ಗಂಡಸರ ಸಾಲು ಮಾತ್ರ ಇತ್ತು. ಹೆಣ್ಣುಮಕ್ಕಳು ಸಿಕ್ಕಿದ್ದು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ. ಅಷ್ಟೊತ್ತಿಗೆ ಕಾಕಾ ತಾವೇ ಹಳೆಯ ಉತಾರ (ಹೊಲದ ಪಹಣಿ) ಹಿಡಿದು ಜೊತೆಗೆ ಬಂದಿದ್ದರು. ಬಾದಾಮಿ ಆಗ ಸೇರಿದ್ದ ಮುಂಬೈ ಪ್ರಾಂತ್ಯದಲ್ಲಿ, ಹೊಲ ಯಾರದ್ದೆಂದು ಬರೆದಿಡುವ ಹಕ್ಕುದಾಖಲೆ ಪದ್ಧತಿ ಬಂದದ್ದು 20ನೇ ಶತಮಾನದ ಮೊದಲಲ್ಲಿ. ಮುತ್ತಜ್ಜನ ಕಾಲಕ್ಕೆ ಅಷ್ಟು ಸಾಕು. ಹೊಲದ ಯಜಮಾನ ತೀರಿಕೊಂಡಾಗ ವಾರಸಾ ಹಚ್ಚುತ್ತಿದ್ದರಲ್ಲ, ಅಂದರೆ ವಾರಸುದಾರರ ಹೆಸರು ಏರಿಸುತ್ತಿದ್ದರಲ್ಲ, ಆ ನಮೂದು ಕೇಳಿ. ಯಾರು ಯಾವಾಗ ಹೋದರು, ಹಿಂದೆ ಯಾರನ್ನು ಬಿಟ್ಟರು ಎಂಬುದು ಅಲ್ಲಿರುತ್ತದೆ. ಹೆಸರಿನ ಜೊತೆ 'ಅ.ಪಾ.ಕ.' ಎಂದಿದ್ದರೆ ಮಕ್ಕಳು ಇನ್ನೂ ಚಿಕ್ಕವರು, ಅವರ ಪರವಾಗಿ ಪಾಲಕರ ಹೆಸರು ಹಾಕಿದ್ದಾರೆ ಎಂದರ್ಥ. ನಮ್ಮ ಮುತ್ತಜ್ಜಿಯ ಹೆಸರು ನಮಗೆ ಸಿಕ್ಕಿದ್ದು ಹೀಗೆ. ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿಯ ಹಾಳೆ ಬಂದರೆ ಪ್ರತಿ ತೆಗೆದುಕೊಂಡು, ಓದಬಲ್ಲವರನ್ನು ನಿಧಾನಕ್ಕೆ ಹುಡುಕಿ. ಬಾದಾಮಿ ಇರುವ ಬಾಗಲಕೋಟೆ, ವಿಜಯಪುರದಿಂದ ಬೇರೆಯಾಗಿ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕಿಂತ ಹಿಂದಿನ ಕಡತ ಸಿಗದಿದ್ದರೆ ವಿಜಯಪುರದಲ್ಲೂ ವಿಚಾರಿಸಿ.

ಉಡಿಕಿ (ಮರುಮದುವೆ), ದತ್ತಕ, ಮನೆ ಬಿಟ್ಟು ಹೋದವರು, ಇಂಥ ಸಂಗತಿ ಎಲ್ಲ ಮನೆಯಲ್ಲೂ ಹೊರಬೀಳುತ್ತವೆ. ಬರೆದಿಟ್ಟುಕೊಳ್ಳಿ, ಆದರೆ ಮನೆಯವರ ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಡಿ.

ಊರ ಶಾಲೆಯ ದಾಖಲಾತಿ ರಿಜಿಸ್ಟರ್ ನೋಡಲು ಮುಖ್ಯೋಪಾಧ್ಯಾಯರನ್ನು ಕೇಳಿ. ತಂದೆಯ ಹೆಸರು, ಊರು ನಂಬಬಹುದು. ಹುಟ್ಟಿದ ದಿನ ಮಾತ್ರ ನಂಬಬೇಡಿ, ಅರ್ಧ ಊರು ಜೂನ್ 1ಕ್ಕೇ ಹುಟ್ಟಿರುತ್ತದೆ!

ಬೇರೆ ಕಡೆಯವರಿಗೆ ದಾರಿ ಬೇರೆ. ದಕ್ಷಿಣ ಕನ್ನಡ 1956ರವರೆಗೆ ಮದ್ರಾಸಿಗೆ ಸೇರಿತ್ತು. ಊರಲ್ಲಿ ಸಿಗದ ಹಳೆಯ ಸರ್ಕಾರಿ ಕಡತಕ್ಕೆ ಚೆನ್ನೈನ ಪತ್ರಾಗಾರವನ್ನೂ ಕೇಳಬೇಕಾಗುತ್ತದೆ. ಬೀದರ್, ಕಲಬುರಗಿ, ರಾಯಚೂರು ನಿಜಾಮರ ಆಳ್ವಿಕೆಯಲ್ಲಿದ್ದವು. ಅಲ್ಲಿಗೆ ಹೊರಟರೆ ಉರ್ದು ಓದಬಲ್ಲ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ.