ಅರಿಗೆಚ್ ಕಣಿವೆಯ ಹೆಸರಿಲ್ಲದ ಹಿಮನದಿ: ಎರಡನೆಯ ಭೇಟಿಯ ಟಿಪ್ಪಣಿ

ಅಲಾಸ್ಕಾದ ಬ್ರೂಕ್ಸ್ ಪರ್ವತಶ್ರೇಣಿಯಲ್ಲಿ, ಅರಿಗೆಚ್ ಶಿಖರಗಳ ನೆರಳಿಗೆ ಅಡಗಿರುವ ಒಂದು ಚಿಕ್ಕ ಹಿಮನದಿಯ ತುದಿಯನ್ನು ಒಂದೇ ಜಾಗದಿಂದ ಮತ್ತೆ ಮತ್ತೆ ಛಾಯಾಚಿತ್ರ ತೆಗೆದು ದಾಖಲಿಸುವುದು ನನ್ನ ಹವ್ಯಾಸ. ಏಳು ವರ್ಷಗಳ ಅಂತರದ ನಂತರ, ಈ ಆಗಸ್ಟ್‌ನಲ್ಲಿ ಎರಡನೆಯ ಭೇಟಿ ಮುಗಿಯಿತು.

1980ರಲ್ಲಿ ಸ್ಥಾಪನೆಯಾದ ಗೇಟ್ಸ್ ಆಫ್ ದಿ ಆರ್ಕ್ಟಿಕ್ ರಾಷ್ಟ್ರೀಯ ಉದ್ಯಾನದಲ್ಲಿ ರಸ್ತೆಯೂ ಇಲ್ಲ, ಕಡಿದು ಮಾಡಿದ ಕಾಲುದಾರಿಯೂ ಇಲ್ಲ. ಬೆಟಲ್ಸ್‌ನಿಂದ ಹೊರಟ ಪುಟ್ಟ ವಿಮಾನವು ಅಲಾಟ್ನಾ ನದಿಯ ಪಕ್ಕದ ಕೆರೆಯಲ್ಲಿ ಇಳಿಸಿ ಹೋದ ಮೇಲೆ, ಕರಡಿಗೆ ತೆರೆಯಲಾಗದ ಆಹಾರದ ಡಬ್ಬಿಯ ಭಾರದೊಂದಿಗೆ ವಿಲ್ಲೋ, ಆಲ್ಡರ್ ಪೊದೆಗಳಲ್ಲಿ ನುಸುಳಿಕೊಂಡೇ ಹೋಗಬೇಕು. ಕೆಳಗಿನ ಜೌಗಿನಲ್ಲಿ ಹುಲ್ಲಿನ ಗುಪ್ಪೆಗಳ ಮೇಲೆ ಕಾಲಿಟ್ಟರೆ ಅವು ವಾಲುತ್ತವೆ, ನಡುವೆ ಇಟ್ಟರೆ ಪಾದ ನೀರಿಗಿಳಿಯುತ್ತದೆ. ಎರಡರಲ್ಲಿ ಯಾವುದು ಮೇಲೆಂದು ಇನ್ನೂ ನಿರ್ಧರಿಸಿಲ್ಲ. ಹಿಮ ಕರಗಿ ಬರುವ ತೊರೆಗಳು ಮಧ್ಯಾಹ್ನದ ನಂತರ ಉಕ್ಕುವುದರಿಂದ ಅವುಗಳನ್ನೆಲ್ಲ ಬೆಳಗಿನ ಹೊತ್ತಿನಲ್ಲೇ ದಾಟಿದೆ.

ಹಿಮನದಿಯ ಬಳಿಗೆ ಬಂದಾಗ ಮೊದಲು ಗಮನ ಸೆಳೆದದ್ದು ಬಂಡೆಗಳ ಬಣ್ಣ. ಕಣಿವೆಯ ಗೋಡೆಯ ಮೇಲ್ಭಾಗವು ಕಲ್ಲುಹೂವು ಹತ್ತಿ ಕಪ್ಪಾಗಿದ್ದರೆ, ಒಂದು ಗೆರೆಯಿಂದ ಕೆಳಗೆ ಗ್ರಾನೈಟ್ ಬೋಳಾಗಿ, ಈಗ ತಾನೇ ತೊಳೆದಂತೆ ಬೆಳ್ಳಗಿತ್ತು. ಹಿಂದೆ ಹಿಮ ಎಷ್ಟು ಎತ್ತರಕ್ಕೆ ತುಂಬಿತ್ತೆಂಬುದನ್ನು ಆ ಗೆರೆಯೇ ತೋರಿಸುತ್ತದೆ. ಕಲ್ಲುಹೂವು ಅತಿ ನಿಧಾನವಾಗಿ ಬೆಳೆಯುವುದರಿಂದ, ಅದರ ಅಗಲವನ್ನು ಅಳೆದು, ಹಿಮನದಿ ಬಿಟ್ಟುಹೋದ ಕಲ್ಲುದಿಬ್ಬಗಳ ವಯಸ್ಸನ್ನು ಅಂದಾಜು ಮಾಡುವ ಪದ್ಧತಿಯನ್ನು ಸಂಶೋಧಕರು ಈ ಶ್ರೇಣಿಯಲ್ಲೇ ಬಳಸಿದ್ದಾರೆ. ನಾನು ಆ ಲೆಕ್ಕಕ್ಕೆ ಕೈ ಹಾಕಲಿಲ್ಲ. ದಿಬ್ಬದ ಮೇಲಿನ ದೊಡ್ಡ ಹಳದಿ-ಹಸಿರು ಮಚ್ಚೆಗಳ ಪಕ್ಕ ಅಳತೆಪಟ್ಟಿ ಇಟ್ಟು ಚಿತ್ರ ತೆಗೆದುಕೊಂಡೆನಷ್ಟೆ.

ಹಳೆಯ ಚಿತ್ರದ ಜಾಗವನ್ನು ಹುಡುಕುವುದಕ್ಕೇ ಅರ್ಧ ದಿನ ಹೋಯಿತು. ಜಿಪಿಎಸ್ ನನ್ನನ್ನು ಸುಮಾರಾಗಿ ಅಲ್ಲಿಗೆ ತಲುಪಿಸಿತು, ಆದರೆ ಹತ್ತಿರದ ಬಂಡೆಯ ಮೂಲೆಯು ದೂರದ ಶಿಖರದ ಕಚ್ಚಿಗೆ ಸರಿಯಾಗಿ ಕೂಡುವವರೆಗೆ, ಮುದ್ರಿತ ಪ್ರತಿಯನ್ನು ಕೈಯಲ್ಲಿ ಹಿಡಿದು ಗೇಣುಗೇಣಾಗಿ ಸರಿಯಬೇಕಾಯಿತು. ಹಿಂದಿನ ಸಲ ಜೂಮ್ ಲೆನ್ಸ್ ಬಳಸಿ, ಎಷ್ಟು ಜೂಮ್ ಮಾಡಿದ್ದೆನೆಂದು ಬರೆದಿಡದೇ ಹೋದದ್ದು ನನ್ನದೇ ತಪ್ಪು. ಈ ಬಾರಿ ಐದಾರು ಅಳತೆಗಳಲ್ಲಿ ತೆಗೆದಿದ್ದೇನೆ.

ತುದಿಯ ವಿಷಯದಲ್ಲಿ ಮಾತ್ರ ನನ್ನ ವಿಧಾನವೇ ಸೋತಿತು. ಚಿತ್ರದಲ್ಲಿ ಹಿಮ ಮುಗಿದಂತೆ ಕಾಣುವ ಕಡೆ ಬೂದುಬಣ್ಣದ ಜಲ್ಲಿರಾಶಿಯಿದೆ. ಅದರ ಮೇಲೆ ಕುಳಿತು ಊಟ ಮಾಡುತ್ತಿದ್ದಾಗ ಕೆಳಗಿನಿಂದ ನೀರು ಹರಿಯುವ ಸದ್ದು ಕೇಳಿ, ಕೈಯಿಂದ ಕಲ್ಲುಗಳನ್ನು ಸರಿಸಿದರೆ, ಮೊಳದಷ್ಟು ಆಳದಲ್ಲಿ ಕಪ್ಪನೆಯ ಮಂಜುಗಡ್ಡೆ ಸಿಕ್ಕಿತು. ಅದರೊಳಗೆ ಸಣ್ಣ ಗಾಳಿಗುಳ್ಳೆಗಳು, ಮರಳಿನ ಗೆರೆಗಳು. ದಪ್ಪನಾದ ಕಲ್ಲಿನ ಹೊದಿಕೆಯು ಬಿಸಿಲನ್ನು ತಡೆಯುವುದರಿಂದ ಇಂತಹ ಹಿಮವು ಹೊದಿಕೆಯಿಲ್ಲದ ಹಿಮಕ್ಕಿಂತ ನಿಧಾನವಾಗಿ ಕರಗುತ್ತದೆ. ಆದ್ದರಿಂದ ಬಿಳಿಯ ಅಂಚು ಹಿಂದೆ ಸರಿದಿರುವುದು ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟರೆ ಸ್ಪಷ್ಟವಾದರೂ, ‘ಇಷ್ಟು ಮೀಟರ್’ ಎಂದು ಬರೆಯಬೇಕಿದ್ದ ಸಾಲನ್ನು ಖಾಲಿ ಬಿಟ್ಟಿದ್ದೇನೆ. ಮುಂದಿನ ಭೇಟಿಯಲ್ಲಿ ಕಾಣುವ ಅಂಚು ಮತ್ತು ಹೂತ ಅಂಚುಗಳಿಗೆ ಎರಡು ಬೇರೆ ಕಾಲಮ್‌ಗಳಿರುತ್ತವೆ.